ಬೋಗಾದಿಯಲ್ಲಿ ಕಂಡುಬಂದ ಸನ್ಯಾಸಿ ಏಡಿ

ಮೈಸೂರಿನಲ್ಲಿ ಸಮುದ್ರವಿಲ್ಲ ಎಂಬ ಸಣ್ಣ ಕಾರಣಕ್ಕೆ ಮೈಸೂರಿನವರು ಸಮುದ್ರವನ್ನು ಕಾಪಾಡಬಾರದೆಂದು ಯಾವ ಕಾನೂನಿನಲ್ಲೂ ಬರೆದಿಲ್ಲ. ಅರಮನೆಯೂ ನಮ್ಮ ಸ್ವಂತದ್ದಲ್ಲ. ಆದರೂ ಅದರಲ್ಲಿ ಒಂದು ಬಲ್ಬು ಉರಿಯದಿದ್ದರೆ ಊರಿಗೆ ಊರೇ ಸಂಕಟಪಡುತ್ತದೆ. ಹಾಗಿರುವಾಗ ಸಮುದ್ರ ಮಾಡಿದ ಪಾಪವೇನು? ಈ ವಾದವನ್ನು ಬೋಗಾದಿಯ ನಮ್ಮ ಬಡಾವಣೆಯ ಸಂಘದ ಸಭೆಯಲ್ಲಿ ಮಂಡಿಸಿದವನು ನಾನೇ. ಜೋರಾಗಿ ಚಪ್ಪಾಳೆ ಬಿತ್ತು ಎಂದು ನನ್ನ ನೆನಪು. ಯಾರೋ ಸೊಳ್ಳೆ ಹೊಡೆದರು ಎಂದು ನನ್ನ ಹೆಂಡತಿ ವತ್ಸಲಾ ಹೇಳುತ್ತಾಳೆ.

ಈ ನೆನಪಿನ ವಿಷಯವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ನಾನು ವಿಶ್ವವಿದ್ಯಾನಿಲಯದಲ್ಲಿ ತತ್ವಶಾಸ್ತ್ರ ಓದಿದವನು. ಕಾಲೇಜೊಂದರಲ್ಲಿ ತರ್ಕ ಕಲಿಸುತ್ತೇನೆ. ಸಾಕ್ಷಿಯಿಲ್ಲದೆ ಯಾವುದನ್ನೂ ನಂಬಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳಿ ಹೇಳಿ, ಅವರು ಯಾರೂ ಅದನ್ನು ಕೇಳಿಸಿಕೊಳ್ಳದೆ, ಕೊನೆಗೆ ಆ ಪಾಠ ನನಗೊಬ್ಬನಿಗೇ ಹತ್ತಿತು. ಗ್ಯಾಸ್ ಆರಿಸಿದೆನೇ? ಆರಿಸಿದ ನೆನಪಿದೆ. ಆದರೆ ಅದು ಇವತ್ತಿನ ನೆನಪೋ, ನಿನ್ನೆಯದೋ? ಒಮ್ಮೆ ಹಿನಕಲ್‌ವರೆಗೆ ಸ್ಕೂಟರಿನಲ್ಲಿ ಹೋದವನು, ಮನೆಗೆ ಬೀಗ ಹಾಕಿದೆನೋ ಇಲ್ಲವೋ ಎಂಬ ಸಂಶಯ ಬಂದು, ಎದುರಿಗೆ ಬಂದ ಬಸ್ಸು ಹತ್ತಿ ಓಡಿ ಬಂದೆ. ಬೀಗ ಭದ್ರವಾಗಿತ್ತು. ಸ್ಕೂಟರ್ ಹಿನಕಲ್‌ನಲ್ಲಿತ್ತು!

ಒಂದು ಕಡೆ ನಿಲ್ಲುವ ಜಾಯಮಾನವೂ ನನ್ನದಲ್ಲ. ಹಕ್ಕಿ ಎಣಿಸುವವರ ಗುಂಪಿಗೆ ಸೇರಿದ್ದೆ. ಕೆರೆಯ ಮೇಲೆ ಹಾರಿದ ಕೊಕ್ಕರೆ ಹೊಸದೋ, ಆಗಲೇ ಹಾರಿದ್ದೇ ಹಿಂತಿರುಗಿ ಬಂದಿದ್ದೋ ಎಂದು ನಾನು ಕೇಳುತ್ತಲೇ ಇದ್ದೆ. ಮೂರನೆಯ ವಾರದಿಂದ ಅವರು ಸೇರುವ ಜಾಗವನ್ನು ನನಗೆ ತಿಳಿಸುವುದು ನಿಲ್ಲಿಸಿದರು. ಮರ ಗುರುತಿಸುವವರ ಗುಂಪೂ ಹೀಗೇ ಆಯಿತು. ಮರ ಹಾರುವುದಿಲ್ಲ, ಅದು ನಿಜ. ಆದರೆ ಹೆಸರುಗಳು ಹಾರುತ್ತವೆ.

ಹೀಗಿರುವಾಗ ಬಂದವರು ಅನುಪಮಾ. ಕಡಲ ಜೀವಿಗಳ ಬಗ್ಗೆ ಓದಿ ಡಾಕ್ಟರಾದ ಚಿಕ್ಕ ವಯಸ್ಸಿನ ಹೆಣ್ಣುಮಗಳು. ವಿಜ್ಞಾನಿಗಳು ಕೆಲವೇ ಮಂದಿ, ದಡ ಬಹಳ ಉದ್ದ. ಸಾಮಾನ್ಯ ಜನ ವರ್ಷ ವರ್ಷವೂ ಅದೇ ಬಂಡೆಗಳಿಗೆ ಬಂದು, ಅದೇ ಕ್ರಮದಲ್ಲಿ ಎಣಿಸಿದರೆ, ಯಾವ ಜೀವಿ ಕಡಿಮೆಯಾಗುತ್ತಿದೆ, ಯಾವ ದಡಕ್ಕೆ ರಕ್ಷಣೆ ಬೇಕು ಎಂದು ತಿಳಿಯುತ್ತದೆ ಎಂದು ನಮ್ಮ ಸಭೆಯಲ್ಲಿ ವಿವರಿಸಿದರು. ಮೈಸೂರು ತಂಡಕ್ಕೆ ಒಬ್ಬ ಮುಖ್ಯಸ್ಥರು ಬೇಕು, ದಸರಾ ಮುಗಿದ ಮೇಲೆ ಆರಿಸುತ್ತೇನೆ ಎಂದೂ ಸೇರಿಸಿದರು. ಎಲ್ಲರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಾನು ವಿನಯದಿಂದ ಫ್ಯಾನು ನೋಡಿದೆ. ಹುದ್ದೆಗಳು ವಿನಯವಂತರನ್ನು ಹುಡುಕಿಕೊಂಡು ಬರುತ್ತವೆ ಎಂಬುದು ನನ್ನ ನಂಬಿಕೆ. ಆಗ ನನಗಿದ್ದ ನಂಬಿಕೆ ಅದೊಂದೇ.

ಮೊದಲ ಮೂರು ಸಭೆಗಳು ಟೀ ಶರ್ಟಿನ ಬಣ್ಣಕ್ಕೆ ಮೀಸಲಾದವು. ಸಮುದ್ರ ನೀಲಿಯೋ ಹಸಿರೋ ಎಂಬುದರ ಬಗ್ಗೆ ಸಮುದ್ರದಿಂದ ಇಷ್ಟು ದೂರದಲ್ಲಿ ಇಷ್ಟು ಗಂಭೀರವಾದ ಚರ್ಚೆ ಹಿಂದೆಂದೂ ನಡೆದಿರಲಾರದು. ಕೊನೆಗೆ ನೀಲಿ ಗೆದ್ದಿತು. ಆಮೇಲೆ ತರಬೇತಿ. ದಡದಲ್ಲಿ ಒಂದು ಹಗ್ಗ ಹಾಸಿ, ಅದರುದ್ದಕ್ಕೂ ಅಲ್ಲಲ್ಲಿ ತಂತಿಯ ಚೌಕವಿಟ್ಟು, ಚೌಕದೊಳಗಿನ ಜೀವಿಗಳನ್ನಷ್ಟೇ ಎಣಿಸುವುದು ಕ್ರಮ. ದಡವಿಲ್ಲದ ಕಾರಣ ನಮ್ಮ ಬೀದಿಯ ಕೊನೆಯ ಖಾಲಿ ಸೈಟಿನಲ್ಲಿ ಹಗ್ಗ ಹಾಸಿದೆವು. ಚೌಕದೊಳಗೆ ಬಸವನಹುಳುವೊಂದು, ಬಾಟಲಿ ಮುಚ್ಚಳಗಳು ಮತ್ತು ಯಾರದೋ ಒಂಟಿ ಚಪ್ಪಲಿ ಸಿಕ್ಕವು. ಅಷ್ಟರಲ್ಲಿ ಸೈಟಿನ ಯಜಮಾನರು ಬುಲೆಟ್ಟಿನಲ್ಲಿ ಬಂದಿಳಿದರು.

“ಯಾರ್ರೀ ನನ್ನ ಸೈಟಿಗೆ ಹಗ್ಗ ಹಿಡೀತಿರೋರು?”

ಕಡಲ ಜೀವಿಗಳ ಸಂರಕ್ಷಣೆಗಾಗಿ ಎಂದು ನಾನು ನೀಲಿ ಟೀ ಶರ್ಟಿನಲ್ಲಿ ನಿಂತು ವಿವರಿಸಿದೆ. ಅವರು ಬೋಗಾದಿಯ ನಾಲ್ಕೂ ದಿಕ್ಕಿಗೆ ಕಣ್ಣು ಹಾಯಿಸಿದರು. ಒಂದು ಕಡೆ ಸಿಮೆಂಟಿನ ಲಾರಿ, ಇನ್ನೊಂದು ಕಡೆ ಹುಡುಗರ ಪಿಜಿ, ಮತ್ತೆರಡು ಕಡೆ ಅರ್ಧ ಎದ್ದ ಕಟ್ಟಡಗಳು. ಆಮೇಲೆ ಫೋನ್ ತೆಗೆದರು. ಮರುದಿನ ಸೈಟಿನ ಸುತ್ತ ಮುಳ್ಳುತಂತಿ ಬೇಲಿ ಬಂತು, ‘ಈ ಸ್ವತ್ತು ಮಾರಾಟಕ್ಕಿಲ್ಲ, ಅತಿಕ್ರಮ ಪ್ರವೇಶ ನಿಷೇಧಿಸಿದೆ’ ಎಂಬ ಫಲಕವೂ ಬಂತು. ನಮ್ಮ ತಂಡದ ದೆಸೆಯಿಂದ ಸಂಪೂರ್ಣ ಸಂರಕ್ಷಣೆ ಪಡೆದ ಪ್ರದೇಶ ಇಂದಿಗೂ ಅದೊಂದೇ.

ಸಮೀಕ್ಷೆಗೆ ಗೊತ್ತಾದದ್ದು ಮಹಾಲಯ ಅಮಾವಾಸ್ಯೆಯ ಭಾನುವಾರ. ಮರುದಿನದಿಂದ ನವರಾತ್ರಿ. ವತ್ಸಲಾಗೆ ಇದು ಸರಿಬರಲಿಲ್ಲ.

“ಅಮಾವಾಸ್ಯೆ ದಿನ ಯಾರಾದ್ರೂ ಸಮುದ್ರಕ್ಕೆ ಹೋಗ್ತಾರೇನ್ರೀ? ಮನೇಲಿ ಕೂತು ತರ್ಪಣ ಬಿಡೋ ದಿನ.”

“ಅಮಾವಾಸ್ಯೆ ದಿನಾನೇ ಕಣೇ ನೀರು ತುಂಬಾ ಕೆಳಗಿಳಿಯೋದು. ಬಂಡೆಗಳೆಲ್ಲ ಕಾಣತ್ತೆ. ತರ್ಪಣ ಅಲ್ಲೇ ಬಿಡ್ತೀನಿ, ನೀರಿಗೇನು ಬರ.”

ಅವಳು ಸ್ವಲ್ಪ ಹೊತ್ತು ಹುರುಳಿಕಾಯಿ ಬಿಡಿಸಿದಳು. ಆಮೇಲೆ, ಹೇಗೂ ಹೋಗುತ್ತೀರಲ್ಲ, ಬರುವಾಗ ಒಂದು ಹಿಡಿ ಚಿಪ್ಪು ತನ್ನಿ ಎಂದಳು. ಪ್ರತಿವರ್ಷ ಗೊಂಬೆ ಮೆಟ್ಟಿಲುಗಳ ಕೆಳಗೆ ರಾಗಿ ಪೈರು ಬೆಳೆಸಿ ಪಾರ್ಕು ಮಾಡುವುದು ಅವಳ ಪದ್ಧತಿ. ಬೀದಿಯ ಎಲ್ಲ ಮನೆಗಳಲ್ಲೂ ಅದೇ ಪಾರ್ಕು, ಅದೇ ಪ್ಲಾಸ್ಟಿಕ್ ಹುಲಿ. ಈ ಸಲ ಸಂಘದಿಂದ ಗೊಂಬೆ ಸ್ಪರ್ಧೆ ಇತ್ತು. ಅವಳಿಗೆ ಸಮುದ್ರ ಮಾಡುವ ಆಸೆ.

ನಾನು ಎದ್ದು ನಿಂತೆ. ಚಿಪ್ಪೆಂದರೆ ಕಸವಲ್ಲ, ಅದೊಂದು ಮನೆ. ಒಬ್ಬ ಪ್ರವಾಸಿ ಒಂದು ಹಿಡಿ ಒಯ್ದರೆ ದಡದ ಗತಿಯೇನು. ದಡದಿಂದ ಏನನ್ನೂ ಒಯ್ಯಬಾರದೆಂದು ನಿಯಮ ಮಾಡಿದವರೇ ಅದನ್ನು ಮುರಿದರೆ ಸಮಾಜದ ಗತಿಯೇನು ಎಂದು ಶುರುಮಾಡಿದೆ. ಹುರುಳಿಕಾಯಿ ಮುಗಿದು, ತೊಳೆದು, ಒಗ್ಗರಣೆಗೆ ಬಿದ್ದಾಗ ನನ್ನ ಭಾಷಣ ಮುಗಿಯಿತು.

“ಒಂದು ಹಿಡಿ ಚಿಪ್ಪು ಕೇಳಿದ್ದು. ಸಮುದ್ರ ಕೇಳಿರಲಿಲ್ಲ,” ಎಂದಳು. ಸೌಟು ತಿರುಗಿಸುತ್ತ, “ಮದುವೆ ಆದಾಗಿಂದ ನಾನು ಕೇಳಿದ್ದನ್ನ ಒಂದು ಸಲನಾದ್ರೂ ತಂದಿದ್ದೀರಾ, ಯೋಚನೆ ಮಾಡಿ,” ಎಂದಳು.

ಯೋಚಿಸಿದೆ. ತಂದ ನೆನಪುಗಳು ಬಂದವು. ಆದರೆ ಅವು ನಂಬಲರ್ಹವಾಗಿರಲಿಲ್ಲ.

ದಡದಲ್ಲಿ ನನಗೆ ಜೊತೆಗಾರರಾಗಿ ಸಿಕ್ಕವರು ಪಕ್ಕದ ಮನೆಯ ಫೆಲಿಕ್ಸ್. ಮೂರು ತಲೆಮಾರಿನಿಂದ ಮೈಸೂರಿನವರು. ಹೆಬ್ಬಾಳದ ಕಾರ್ಖಾನೆಯೊಂದರಲ್ಲಿ ತಯಾರಾದ ಮಾಲು ಸರಿಯಿದೆಯೇ ಎಂದು ನೋಡುವ ಕೆಲಸ ಮಾಡಿ ನಿವೃತ್ತರಾದವರು. ಭಾನುವಾರದ ಚರ್ಚನ್ನು ಅಪರೂಪಕ್ಕೆ ತಪ್ಪಿಸಿ ಬಂದಿದ್ದರು. ಏಕೆ ಬಂದಿರಿ ಎಂದರೆ, “ಸಮುದ್ರ ಉಳಿಸೋಕೆ ಸಾರ್. ಜೊತೆಗೆ ಒಂದು ಮೀನೂಟ ಆಯ್ತದೆ,” ಎಂದರು. ಇಡೀ ಟೆಂಪೊ ಟ್ರಾವೆಲರ್‌ನಲ್ಲಿ ಸತ್ಯ ನುಡಿದವರು ಅವರೊಬ್ಬರೇ.

ಮಂಗಳೂರಿನಾಚೆಯ ಆ ಕಲ್ಲುದಡಕ್ಕೆ ತಲುಪಿದಾಗ ನೀರು ಇಳಿಯಲು ಶುರುವಾಗಿತ್ತು. ನಾವು ಬ್ಯಾನರ್ ಹಿಡಿದು ಗುಂಪು ಫೋಟೊ ತೆಗೆಸಿಕೊಂಡೆವು. ಬ್ಯಾನರ್ ತಲೆಕೆಳಗಾಗಿತ್ತು, ಮತ್ತೊಮ್ಮೆ ತೆಗೆಸಿಕೊಂಡೆವು. ಕಣ್ಣು ಮುಚ್ಚಿದವರಿಗಾಗಿ ಇನ್ನೊಮ್ಮೆ. ಸಮುದ್ರವೇ ಬೇಸತ್ತು ದೂರ ಹೋದಂತೆ ಕಂಡಿತು. ಅನುಪಮಾ ನಿಯಮಗಳನ್ನು ಮತ್ತೆ ಹೇಳಿದರು. ಏನನ್ನೂ ಎತ್ತಬೇಡಿ. ಏನನ್ನೂ ಒಯ್ಯಬೇಡಿ. ಜೋಡಿಗೊಂದು ಹಗ್ಗ. ಒಬ್ಬರು ಕಂಡದ್ದನ್ನು ಹೇಳಿ, ಇನ್ನೊಬ್ಬರು ಬರೆದುಕೊಳ್ಳಿ. ನಾನು ಎಲ್ಲರಿಗಿಂತ ಹೆಚ್ಚು ತಲೆಯಾಡಿಸಿದೆ.

ಮೊದಲ ಚೌಕದಲ್ಲೇ ತೊಡಕು ಶುರುವಾಯಿತು. ನೀರು ನಿಂತ ಕುಳಿಯೊಂದರಲ್ಲಿ ಸಣ್ಣ ಸಣ್ಣ ಶಂಖದಂಥ ಚಿಪ್ಪುಗಳಿದ್ದವು. ಎಡದಿಂದ ಎಣಿಸುತ್ತ ಬಂದೆ. ನಾಲ್ಕನೆಯದಕ್ಕೆ ಬರುವಷ್ಟರಲ್ಲಿ ಎರಡನೆಯದು ಇದ್ದ ಜಾಗದಲ್ಲಿ ಇಲ್ಲವೆನಿಸಿತು. ತಿರುಗಿ ನೋಡಿದರೆ ಮೂರನೆಯದು ಎರಡನೆಯದರ ಜಾಗದಲ್ಲಿದ್ದಂತೆ ತೋರಿತು. ಕಲ್ಲುಚಿಪ್ಪು ಓಡಾಡುವುದುಂಟೇ? ನನ್ನ ನೆನಪಿನದೇ ತಪ್ಪು. ಮತ್ತೆ ಮೊದಲಿನಿಂದ ಎಣಿಸಿದೆ.

“ನಾಲ್ಕು ಅಂತ ಬರ್ಕೊಳ್ಲಾ ಸಾರ್?” ಎಂದರು ಫೆಲಿಕ್ಸ್.

“ಇದು ಆಗ್ಲೇ ಎಣಿಸಿದ್ದಲ್ಲ ಅನ್ನೋದಕ್ಕೆ ಏನು ಸಾಕ್ಷಿ?”

ಫೆಲಿಕ್ಸ್ ಸೂರ್ಯನನ್ನು ನೋಡಿದರು. ಅವನು ಇಳಿಯುತ್ತಿದ್ದ.

ಆಗ ಹೊಳೆಯಿತು ನನಗೆ ಆ ಉಪಾಯ. ಮಧ್ಯಾಹ್ನದ ಮೊಸರನ್ನದ ಸ್ಟೀಲ್ ಡಬ್ಬಿ ಖಾಲಿಯಿತ್ತು. ಅದಕ್ಕೆ ಸ್ವಲ್ಪ ಸಮುದ್ರದ ನೀರು ತುಂಬಿಕೊಂಡೆ. ಎಣಿಸಿದ ಚಿಪ್ಪನ್ನು ಡಬ್ಬಿಗೆ ಹಾಕುವುದು. ಚೌಕ ಮುಗಿದ ಮೇಲೆ ಎಲ್ಲವನ್ನೂ ಅಲ್ಲೇ ಸುರಿಯುವುದು. ನೆನಪಿನ ಹಂಗೇ ಇಲ್ಲ! ಎತ್ತಬೇಡಿ ಎಂಬ ನಿಯಮ ಮುರಿಯುತ್ತದೆ ಎಂದು ಫೆಲಿಕ್ಸ್ ಸೂಚಿಸಿದರು. ನಿಯಮ ಇರುವುದು ಒಯ್ಯುವವರಿಗೆ, ಇದು ವಿಧಾನದ ಸುಧಾರಣೆ ಎಂದು ನಾನು ತಿಳಿಹೇಳಿದೆ.

ಒಂದೊಂದು ಚಿಪ್ಪನ್ನೂ ಎತ್ತಿ ಬಾಯಿಯೊಳಗೆ ಇಣುಕಿ ನೋಡಿದೆ. ಕತ್ತಲೆ ಬಿಟ್ಟರೆ ಏನೂ ಕಾಣಲಿಲ್ಲ.

“ಒಳಗೇನೋ ಇರೋ ಹಂಗದೆ ಸಾರ್,” ಎಂದರು ಫೆಲಿಕ್ಸ್.

“ಇರೋ ಹಾಗಿರೋದು ಸಾಕ್ಷಿ ಅಲ್ಲ ಫೆಲಿಕ್ಸ್. ಕಂಡದ್ದನ್ನ ಮಾತ್ರ ಬರೀಬೇಕು. ಖಾಲಿ ಚಿಪ್ಪು ಅಂತ ಹಾಕ್ಕೊಳ್ಳಿ.”

ಅವರು ಹಾಕಿಕೊಂಡರು. ಚೌಕದಿಂದ ಚೌಕಕ್ಕೆ ನನ್ನ ವಿಧಾನ ಅದ್ಭುತವಾಗಿ ಸಾಗಿತು. ತುಂಬುವುದು, ಸುರಿಯುವುದು, ಮತ್ತೆ ತುಂಬುವುದು. ಕೊನೆಯ ಚೌಕದಲ್ಲಿರುವಾಗ ನೀರು ಏರತೊಡಗಿ, ಅನುಪಮಾ ಸೀಟಿ ಊದಿ, ಎಲ್ಲರೂ ಬಂಡೆಗಳ ಮೇಲೆ ಎದ್ದುಬಿದ್ದು ಓಡಿದೆವು. ಗಾಡಿ ಹತ್ತುವಾಗ ಫೆಲಿಕ್ಸ್ ಒಂದು ಮಾತು ಕೇಳಿದರು. “ಡಬ್ಬಿ ಖಾಲಿ ಮಾಡಿದ್ರಾ ಸಾರ್?”

ನನಗೆ ಸ್ಪಷ್ಟವಾಗಿ ನೆನಪಿತ್ತು. ಮಣಿಕಟ್ಟು ಓರೆಯಾದದ್ದು, ಚಿಪ್ಪುಗಳು ಕಲ್ಲಿನ ಮೇಲೆ ಚಿಟಪಟ ಎಂದದ್ದು, ಸಣ್ಣದೊಂದು ಅಲೆ ಬಂದು ಕಾಲು ನೆನೆಸಿದ್ದು. ಬದುಕಿನಲ್ಲಿ ಮೊದಲ ಬಾರಿಗೆ ನನ್ನ ನೆನಪನ್ನು ಯಾವ ತಕರಾರೂ ಇಲ್ಲದೆ ನಂಬಿದೆ. ಮಾಡಿದೆ ಎಂದು ಗಂಭೀರವಾಗಿ ಹೇಳಿ, ಚೀಲವನ್ನು ಸೀಟಿನ ಕೆಳಗೆ ತಳ್ಳಿ, ಮೈಸೂರಿನವರೆಗೆ ನಿದ್ದೆ ಮಾಡಿದೆ.

ಮರುದಿನ ನಾನು ಎದ್ದಾಗ ಮಧ್ಯಾಹ್ನ. ಎದ್ದ ಕೂಡಲೇ ಕಾಫಿ ಬಂತು. ಕೇಳದೆ ಬಂತು! ಊಟಕ್ಕೆ ಒಬ್ಬಟ್ಟಿತ್ತು. ಎರಡನೆಯ ಒಬ್ಬಟ್ಟಿಗೆ ತುಪ್ಪ ಬಡಿಸುವಾಗ ವತ್ಸಲಾ ನನ್ನನ್ನು ನೋಡಿ ನಕ್ಕಳು. ನನಗೆ ಭಯವಾಯಿತು. ಇವತ್ತು ಯಾರ ಹುಟ್ಟುಹಬ್ಬ, ಯಾವ ವಾರ್ಷಿಕೋತ್ಸವ ಮರೆತಿದ್ದೇನೆ ಎಂದು ತಲೆಯೆಲ್ಲ ತಡಕಾಡಿದೆ. ಏನೂ ಸಿಗಲಿಲ್ಲ.

ಹಜಾರಕ್ಕೆ ಬಂದರೆ ಗೊಂಬೆ ಕೂತಿತ್ತು. ಮೇಲಿನ ಮೆಟ್ಟಿಲಲ್ಲಿ ಪಟ್ಟದ ಗೊಂಬೆಗಳಾದ ರಾಜ ರಾಣಿ. ಅದರ ಕೆಳಗೆ ಜಂಬೂ ಸವಾರಿಯ ಆನೆ ಮತ್ತು ಪಡೆ. ಇನ್ನೂ ಕೆಳಗೆ ಅಕ್ಕಿಬೇಳೆಯ ಅಂಗಡಿ ಇಟ್ಟುಕೊಂಡ ಶೆಟ್ಟರು, ಅವರ ಹೆಂಡತಿ. ನೆಲದ ಮೇಲೆ, ಪ್ರತಿವರ್ಷ ಪಾರ್ಕು ಇರುತ್ತಿದ್ದಲ್ಲಿ, ಮರಳು ಹಾಸಿತ್ತು. ಮಧ್ಯೆ ಪರಾತದಲ್ಲಿ ನೀರು, ಕಾಗದದ ದೋಣಿ, ಬಲೆ ಹಿಡಿದ ಬೆಸ್ತರ ಗೊಂಬೆ. ಒದ್ದೆ ಮರಳಿನ ಮೇಲೆ ಒಪ್ಪವಾಗಿ ಜೋಡಿಸಿದ ಶಂಖದಂಥ ಸಣ್ಣ ಚಿಪ್ಪುಗಳು.

“ಬಾಯಲ್ಲಿ ಅಷ್ಟುದ್ದ ಭಾಷಣ,” ಎಂದಳು ವತ್ಸಲಾ ನನ್ನ ಹಿಂದೆ ನಿಂತು. “ಸದ್ದಿಲ್ಲದೆ ಡಬ್ಬೀಲಿಟ್ಟು ತಂದಿದ್ದೀರಿ. ಸಮುದ್ರದ ನೀರನ್ನೂ ತಂದಿದ್ದೀರಿ. ಚೆಲ್ಲೋದು ಬೇಡ ಅಂತ ಪರಾತಕ್ಕೇ ಹಾಕಿದೆ.”

ಈಗ ನಾನು ಏನು ಹೇಳಬೇಕಿತ್ತು? ಸತ್ಯ ಹೇಳಬೇಕಿತ್ತು. ಆದರೆ ಸತ್ಯ ಯಾವುದು? ಡಬ್ಬಿ ಸುರಿದದ್ದು ನನಗೆ ನೆನಪಿದೆ, ಚಿಪ್ಪು ಇಲ್ಲಿದೆ. ಹಾಗಾದರೆ ನನ್ನ ನೆನಪು ಹಿಂದಿನ ಚೌಕದ್ದು. ಅದನ್ನು ಕೊನೆಯ ಚೌಕಕ್ಕೆ ಅಂಟಿಸಿಕೊಂಡಿದ್ದೆ. ಅಥವಾ, ಯಾರಿಗೆ ಗೊತ್ತು, ಒಳಮನಸ್ಸಿನಲ್ಲಿ ಹೆಂಡತಿಗಾಗಿ ತರಬೇಕೆಂಬ ಪ್ರೀತಿಯೇ ಕೈಯನ್ನು ತಡೆದಿರಬಹುದಲ್ಲ? ಹಾಗಲ್ಲ ಎನ್ನುವುದಕ್ಕೆ ಏನು ಸಾಕ್ಷಿ? ಇಷ್ಟು ವರ್ಷ ಓದಿದ ತತ್ವಶಾಸ್ತ್ರ ಅಂದು ಮೊದಲ ಬಾರಿಗೆ ಸಂಸಾರಕ್ಕೆ ಉಪಯೋಗವಾಯಿತು. ನಾನು ಮುಗುಳ್ನಕ್ಕು ಮೂರನೆಯ ಒಬ್ಬಟ್ಟು ಕೇಳಿದೆ.

ಆದರೆ ಒಬ್ಬಟ್ಟು ಅರಗುವ ಮೊದಲೇ ಒಂದು ವಿಷಯ ನೆನಪಾಯಿತು. ಸ್ಪರ್ಧೆಗೆ ತೀರ್ಪುಗಾರರಾಗಿ ಯಾರನ್ನು ಕರೆಯಬೇಕೆಂದು ಸಂಘದವರು ಕೇಳಿದಾಗ ಅನುಪಮಾ ಹೆಸರು ಹೇಳಿದವನು ನಾನೇ! ನಾಳೆ ಸಂಜೆ ಅವರು ಬರುತ್ತಾರೆ. ಚಿಪ್ಪು ಅಲ್ಲೇ ಇದ್ದರೆ ನನ್ನ ಮುಖ್ಯಸ್ಥನ ಹುದ್ದೆ ಹೋಗುತ್ತದೆ. ತೆಗೆದರೆ ಹೆಂಡತಿಯ ನಗು ಹೋಗುತ್ತದೆ. ಸ್ವಲ್ಪ ಸರಿಸಿ ಮರೆಮಾಡೋಣವೇ ಎಂದು ಸಲಹೆ ಮಾಡಿ ನೋಡಿದೆ. ಕೂರಿಸಿದ ಗೊಂಬೆಯನ್ನು ವಿಜಯದಶಮಿಯವರೆಗೂ ಕದಲಿಸಬಾರದು, ಅಷ್ಟೂ ಗೊತ್ತಿಲ್ಲವೇ ಎಂದು ಅವಳು ಒಳಗೆ ಹೋದಳು.

ಕದಲಿಸಬಾರದು ಸರಿ. ಆದರೆ ಸಂಜೆ ನೋಡಿದರೆ ಬೆಸ್ತರ ಗೊಂಬೆಯ ಪಕ್ಕ ಇದ್ದ ಚಿಪ್ಪು ದೋಣಿಯ ಪಕ್ಕ ಇತ್ತು. ಅದು ಅಲ್ಲೇ ಇತ್ತೇನೋ. ನನ್ನ ನೆನಪನ್ನು ಕಟ್ಟಿಕೊಂಡು ಏನಾಗಬೇಕು! ಆದರೂ ಮನಸ್ಸು ಕೇಳದೆ ಒಂದು ವೈಜ್ಞಾನಿಕ ಪರೀಕ್ಷೆ ಹೂಡಿದೆ. ಚಿಪ್ಪಿನ ಪಕ್ಕಕ್ಕೆ ಗುರುತಿಗಾಗಿ ಒಂದು ಕಡಲೆಕಾಳು ಇಟ್ಟೆ. ಬೆಳಿಗ್ಗೆ ಎದ್ದು ನೋಡಿದರೆ ಕಡಲೆಕಾಳು ಒಂಟಿಯಾಗಿತ್ತು. ಚಿಪ್ಪು ಶೆಟ್ಟರ ಅಂಗಡಿಯಲ್ಲಿ, ಅಕ್ಕಿ ಮೂಟೆಗೂ ಬೇಳೆ ಮೂಟೆಗೂ ನಡುವೆ, ಸಾಮಾನು ಕೊಳ್ಳಲು ಬಂದ ಗಿರಾಕಿಯಂತೆ ಕೂತಿತ್ತು.

ವತ್ಸಲಾ ಮುಟ್ಟುವವಳಲ್ಲ. ಹಾಗಾದರೆ ನಾನೇ ಎದ್ದು ಹೋಗಿ ಚಿಪ್ಪನ್ನು ಅಂಗಡಿಯಲ್ಲಿಟ್ಟು ಮರೆತೆನೇ? ಕಾಯಿಲೆ ಇಷ್ಟು ಮುಂದುವರಿದಿದೆಯೇ? ಕಾಂಪೌಂಡ್ ಗೋಡೆಯ ಮೇಲಿನಿಂದ ಫೆಲಿಕ್ಸ್‌ಗೆ ಎಲ್ಲವನ್ನೂ ಹೇಳಿಕೊಂಡೆ. ಡಬ್ಬಿಯ ಕತೆಯನ್ನೂ ಹೇಳಿದೆ. ಅವರು ಗಿಡಕ್ಕೆ ನೀರು ಹಾಕುವುದನ್ನು ನಿಲ್ಲಿಸಿ ಕೇಳಿಸಿಕೊಂಡರು.

“ಡಬ್ಬಿ ಒಂದು ಬಿಟ್ರೆ ನಿಮ್ ನೆನಪು ನೆಟ್ಟಗೇ ಅದೆ ಸಾರ್,” ಎಂದರು ಕೊನೆಗೆ. “ಕೆಟ್ಟಿರೋದು ನಂಬಿಕೆ. ಒಳಗೇನೋ ಅದೆ ಅಂತ ಅವತ್ತೇ ಹೇಳ್ದೆ. ನೀವು ಸಾಕ್ಷಿ ಕೇಳ್ಬುಟ್ರಿ.”

ಮಾತು ಅರ್ಥವಾಗಲು ಕಾಲೇಜಿನ ಎರಡು ತರಗತಿಗಳು ಬೇಕಾದವು. ಅರ್ಥವಾದ ಕೂಡಲೇ ಮನೆಗೆ ಓಡಿ ಬಂದೆ. ಆಗಲೇ ಬಾಗಿಲಲ್ಲಿ ಚಪ್ಪಲಿಗಳ ಸಾಲು.

ಹಜಾರದಲ್ಲಿ ಅನುಪಮಾ ಕೂತಿದ್ದರು. ಸಂಘದ ಕಾರ್ಯದರ್ಶಿಗಳು ಅಂಕ ಹಾಕುವ ಹಾಳೆ ಹಿಡಿದು ನಿಂತಿದ್ದರು. ವತ್ಸಲಾ ರೇಷ್ಮೆ ಸೀರೆಯುಟ್ಟು ಉಸಲಿ ಹಂಚುತ್ತಿದ್ದಳು. ಉಸಲಿ ನೋಡಿ ಬಂದಿದ್ದ ಫೆಲಿಕ್ಸ್ ಮೂಲೆಯಲ್ಲಿದ್ದರು. ಎಲ್ಲವೂ ಶಾಂತವಾಗಿತ್ತು. ಚಿಪ್ಪುಗಳು ಚಿಪ್ಪುಗಳಂತೆ ಬಿದ್ದಿದ್ದವು. ದೇವರೇ, ಇನ್ನೊಂದು ಹತ್ತು ನಿಮಿಷ ಎಂದು, ಇದ್ದಾನೆಂದು ಖಚಿತವಿಲ್ಲದ ದೇವರನ್ನು ಬೇಡಿಕೊಂಡೆ.

ಶೆಟ್ಟರ ಅಂಗಡಿಯ ಗಿರಾಕಿ ಎದ್ದು ನಿಂತಿತು.

ಚಿಪ್ಪಿನ ಕೆಳಗಿನಿಂದ ಮೊದಲು ಎರಡು ಕಡ್ಡಿಯಂಥ ಕಣ್ಣು, ಆಮೇಲೆ ಕಾಲುಗಳು. ಮೆಟ್ಟಿಲಿಗೆ ಹಾಸಿದ್ದ ರೇಷ್ಮೆ ಬಟ್ಟೆಯನ್ನು ಹಿಡಿದುಕೊಂಡು ಅದು ನಿಧಾನವಾಗಿ ಜಂಬೂ ಸವಾರಿಯ ಕಡೆಗೆ ಏರತೊಡಗಿತು. ಇತ್ತ ಮರಳಿನಲ್ಲಿ ಇನ್ನೊಂದು ಚಿಪ್ಪು ದೋಣಿಗೆ ಪ್ರದಕ್ಷಿಣೆ ಹಾಕುತ್ತಿತ್ತು.

ಕಾರ್ಯದರ್ಶಿಗಳು ಕನ್ನಡಕ ಸರಿಮಾಡಿಕೊಂಡರು. “ಬ್ಯಾಟರೀನೋ, ರಿಮೋಟೋ?”

ಉತ್ತರಕ್ಕೆ ಕಾಯದೆ ಅವರು ಮೆಚ್ಚುಗೆಯಿಂದ ತಲೆದೂಗುತ್ತ ‘ತಾಂತ್ರಿಕತೆ’ ಎಂಬ ಕಾಲಮ್ಮಿನಲ್ಲಿ ಪೂರ್ತಿ ಅಂಕ ಹಾಕಿಬಿಟ್ಟರು.

ಅನುಪಮಾ ನೆಲದ ಮೇಲೆ ಮಂಡಿಯೂರಿ ಕೂತರು. “ಇದು ಸನ್ಯಾಸಿ ಏಡಿ,” ಎಂದರು ಮೆಲ್ಲಗೆ. “ಎಲ್ಲಿಂದ ಬಂತು ಮೇಡಂ?”

“ನಮ್ಮನೆಯವ್ರು ನಂಗೋಸ್ಕರ ಸಮುದ್ರದಿಂದ ತಂದಿದ್ದು,” ಎಂದಳು ವತ್ಸಲಾ. ಆ ದನಿಯಲ್ಲಿದ್ದ ಹೆಮ್ಮೆಯನ್ನು ನಾನು ಮದುವೆಯ ಮಂಟಪದಲ್ಲೂ ಕೇಳಿರಲಿಲ್ಲ. ಕೇಳಿದ್ದರೆ ನೆನಪಿಲ್ಲ.

ಅನುಪಮಾ ನನ್ನತ್ತ ತಿರುಗಿದರು. ವತ್ಸಲಾ ಕೂಡ ತಿರುಗಿದಳು. ಹೌದು, ತಂದೆ ಎಂದರೆ ಹುದ್ದೆ ಹೋಗುತ್ತದೆ, ಹೆಂಡತಿ ಉಳಿಯುತ್ತಾಳೆ. ಇಲ್ಲ, ತರಬೇಕೆಂದು ತರಲಿಲ್ಲ ಎಂದರೆ ಹುದ್ದೆ ಉಳಿಯಬಹುದು, ಹೆಂಡತಿಯ ಆ ದನಿ ಇನ್ನೊಮ್ಮೆ ಕೇಳಿಸುವುದಿಲ್ಲ. ಬುದ್ಧಿವಂತನಾದವನು ಎರಡರಲ್ಲಿ ಒಂದನ್ನು ಆರಿಸಿಕೊಳ್ಳುತ್ತಾನೆ. ನಾನು ತರ್ಕದ ಮೇಷ್ಟ್ರು. ಇದ್ದದ್ದನ್ನು ಇದ್ದಂತೆ ಹೇಳತೊಡಗಿದೆ. ನೆನಪಿನ ಮೇಲೆ ಸಂಶಯ ಬಂದದ್ದು, ಚಿಪ್ಪುಗಳನ್ನು ಡಬ್ಬಿಗೆ ಹಾಕಿ ಎಣಿಸಿದ್ದು, ಸುರಿದೆನೆಂದು ನಂಬಿದ್ದು, ಯಾರಿಗೋಸ್ಕರವೂ ತಂದದ್ದಲ್ಲ ಎಂಬುದು. ಒಂದೇ ಉಸಿರಿನಲ್ಲಿ ಹುದ್ದೆ, ಹೆಂಡತಿ ಎರಡನ್ನೂ ಕಳೆದುಕೊಂಡೆ!

ವತ್ಸಲಾ ಉಸಲಿಯ ಪಾತ್ರೆಯನ್ನು ಕೆಳಗಿಟ್ಟಳು. ಅಷ್ಟೇ.

ಅನುಪಮಾಗೆ ಮಾತ್ರ ಇನ್ನೊಂದು ಸಂಗತಿ ಹೊಳೆದಂತಿತ್ತು. ಆ ದಡದಲ್ಲಿ ಉಳಿದ ಜೋಡಿಗಳಿಗೆಲ್ಲ ಸನ್ಯಾಸಿ ಏಡಿ ಸಿಕ್ಕಿತ್ತಂತೆ, ನನ್ನ ಮತ್ತು ಫೆಲಿಕ್ಸ್ ಹಗ್ಗದಲ್ಲಿ ಮಾತ್ರ ಒಂದೂ ಇಲ್ಲದೆ ಬರೀ ಖಾಲಿ ಚಿಪ್ಪುಗಳ ಸಾಲು. ಅಲ್ಲೇನೋ ಅನಾಹುತವಾಗಿದೆ, ವಿಷದ ನೀರು ಸೇರುತ್ತಿರಬಹುದು ಎಂದು ಎರಡು ದಿನದಿಂದ ತಲೆಕೆಡಿಸಿಕೊಂಡಿದ್ದರಂತೆ. ಈ ಏಡಿಗೆ ಸ್ವಂತ ಚಿಪ್ಪಿಲ್ಲ, ಸತ್ತ ಶಂಖದ ಚಿಪ್ಪಿನೊಳಗೆ ಸೇರಿಕೊಂಡು ಬದುಕುತ್ತದೆ, ದೊಡ್ಡದು ಸಿಕ್ಕರೆ ಹಳೆಯದನ್ನು ಬಿಟ್ಟು ಹೊರಡುತ್ತದೆ, ಯಾರಾದರೂ ಮುಟ್ಟಿದರೆ ಒಳಗೆ ಅಡಗಿಕೊಳ್ಳುತ್ತದೆ ಎಂದು ವಿವರಿಸಿದರು. ಅಂದರೆ ಬೋಗಾದಿಯ ಬಾಡಿಗೆದಾರರ ಹಾಗೆ. ನಾವು ಬೆಲ್ ಮಾಡಿ, ಬಾಗಿಲು ತೆಗೆಯದ್ದಕ್ಕೆ ಮನೆ ಖಾಲಿ ಎಂದು ಬರೆದುಕೊಂಡು ಬಂದಿದ್ದೆವು.

“ನಿಮ್ಮ ಲೆಕ್ಕದ ಪ್ರಕಾರ ಸಾರ್, ಇವು ಆ ದಡದಲ್ಲಿ ಇಲ್ಲ,” ಎಂದರು ಅನುಪಮಾ. “ಬೋಗಾದೀಲಿ ಇವೆ.”

ಆಮೇಲೆ ವತ್ಸಲಾಳ ಕಡೆ ತಿರುಗಿ, ನೀವು ಆ ನೀರು ಚೆಲ್ಲದೆ, ಮರಳು ಒದ್ದೆಯಿಟ್ಟಿದ್ದಕ್ಕೇ ಇವು ಬದುಕಿವೆ, ಆದರೆ ಇನ್ನು ಬಹಳ ಹೊತ್ತು ತಡೆಯಲಾರವು, ಬೇಗ ಅದೇ ಜಾಗಕ್ಕೆ ಸೇರಬೇಕು ಎಂದರು. ಅವು ಓಡಾಡುವುದನ್ನು ನೀನು ನೋಡಿದ್ದೆಯಾ ಎಂದು ಕ್ಷೀಣವಾಗಿ ಕೇಳಿದವನು ನಾನು.

“ಮೊದಲನೇ ದಿನದಿಂದ ನೋಡ್ತಿದ್ದೀನಿ,” ಎಂದಳು ವತ್ಸಲಾ, ನನ್ನ ಕಡೆ ತಿರುಗದೆ. “ನಿಮಗೆ ಹೇಳಿದ್ರೆ ನಿನ್ನ ನೆನಪಿಗೆ ಏನು ಸಾಕ್ಷಿ ಅಂತ ಶುರು ಮಾಡ್ತಿದ್ರಿ.”

ಫೆಲಿಕ್ಸ್ ಉಸಲಿಯ ತಟ್ಟೆಯನ್ನು ಬಾಯಿಗೆ ಅಡ್ಡ ಹಿಡಿದು ಕೆಮ್ಮಿದರು. ಜೀವವಿರುವುದು ಗೊಂಬೆಯಾಗುವುದಿಲ್ಲವೆಂದು ಕಾರ್ಯದರ್ಶಿಗಳು ಅಂಕಗಳನ್ನು ಹೊಡೆದು ಹಾಕಿದರು. ಪ್ರಥಮ ಬಹುಮಾನ ಎದುರು ಮನೆಯ ಪ್ಲಾಸ್ಟಿಕ್ ಹುಲಿಗೆ ಹೋಯಿತು.

ಬೆಳಗಿನ ಮೊದಲ ಬಸ್ಸಿಗೆ ನಾನು ಡಬ್ಬಿ ಹಿಡಿದು ಹೊರಟಾಗ, ವತ್ಸಲಾ ಚೀಲ ತೆಗೆದುಕೊಂಡು ಹಿಂದೆಯೇ ಬಂದಳು. ಗೊಂಬೆ ಕೂರಿಸಿದ ಮನೆಯನ್ನು ಬಿಟ್ಟು ಬರುತ್ತೀಯಾ, ಸಂಜೆ ಆರತಿಯಾಗಬೇಕಲ್ಲ ಎಂದೆ. ಫೆಲಿಕ್ಸ್ ಅವರಿಗೆ ಬೀಗದ ಕೈ ಕೊಟ್ಟಾಗಿದೆ, ದೀಪ ಹಚ್ಚುತ್ತಾರೆ, ಉಸಲಿಗೆ ಕಡಲೆ ನೆನೆಹಾಕಿದ್ದೇನೆ ಎಂದಳು. ನೀನು ಏಕೆ ಬರಬೇಕು ಎಂದು ಕೇಳುವ ಧೈರ್ಯ ಬರಲಿಲ್ಲ. ಅವಳೇ ಹೇಳಿದಳು.

“ನೀವೊಬ್ರೇ ಹೋದ್ರೆ ಡಬ್ಬಿ ಮತ್ತೆ ತುಂಬ್ಕೊಂಡೇ ಬರತ್ತೆ.”

ಬಸ್ಸಿನಲ್ಲಿ ಡಬ್ಬಿಯನ್ನು ಅವಳೇ ತೊಡೆಯ ಮೇಲೆ ಇಟ್ಟುಕೊಂಡಳು. ಮುಚ್ಚಳ ಓರೆ ಮಾಡಿ, ಒದ್ದೆ ಬಟ್ಟೆ ಸರಿಸಿ, ಆಗಾಗ ಒಳಗೆ ನೋಡುತ್ತಿದ್ದಳು. ಹಿಂದಿನ ಸೀಟಿನವರೊಬ್ಬರು ಬಗ್ಗಿ, ತಿಂಡಿ ಏನು ಎಂದು ವಿಚಾರಿಸಿದರು. ಸನ್ಯಾಸಿಗಳು ಎಂದಳು. ಅವರು ಕಿಟಕಿಯ ಕಡೆ ತಿರುಗಿ ಕೂತರು.

ದಡದಲ್ಲಿ ಯಾವ ಬಂಡೆ ಎಂದು ಕೇಳಿದಳು. ನಾನು ಒಂದನ್ನು ತೋರಿಸಿದೆ. ಆಮೇಲೆ ಅದರ ಪಕ್ಕದ್ದನ್ನು. ಆಮೇಲೆ ಸ್ವಲ್ಪ ದೂರದ್ದನ್ನು. ಅವಳು ಸೀರೆ ಎತ್ತಿಕಟ್ಟಿಕೊಂಡು, ನನ್ನ ಬೆರಳಿನ ಕಡೆ ನೋಡುವುದನ್ನು ಬಿಟ್ಟು, ಅಂಥವೇ ಚಿಪ್ಪುಗಳು ಓಡಾಡುತ್ತಿದ್ದ ಕುಳಿಯೊಂದನ್ನು ಹುಡುಕಿ, ಒಂದೊಂದಾಗಿ ನೀರಿಗಿಟ್ಟಳು. ಅವು ಬಹಳ ಹೊತ್ತು ಅಲ್ಲಾಡಲಿಲ್ಲ. ಅವಳು ಕುಕ್ಕರಗಾಲಲ್ಲಿ ಕೂತೇ ಇದ್ದಳು. ನಾನೂ ಕೂತೆ. ಮೊದಲು ಒಂದಕ್ಕೆ ಕಣ್ಣು ಬಂತು, ಆಮೇಲೆ ಕಾಲು. ಅದು ಹೊರಟುಹೋಯಿತು. ಉಳಿದವೂ ಹೊರಟವು. ಜಂಬೂ ಸವಾರಿಯನ್ನು ಅಷ್ಟು ಹತ್ತಿರದಿಂದ ಕಂಡು ಬಂದೆವು ಎಂದು ಇವು ಹೇಳಿದಾಗ ಅಲ್ಲಿನ ಏಡಿಗಳು ಸಾಕ್ಷಿ ಕೇಳಿರಬೇಕು.

ಹಿಂತಿರುಗುವಾಗ ಮರಳಿನಲ್ಲಿ ಅಂದವಾದ ಚಿಪ್ಪೊಂದು ಬಿದ್ದಿತ್ತು. ಒಳಗೆ ಏನೂ ಇಲ್ಲ. ನಾನು ಎತ್ತಿ ಅವಳ ಕೈಗೆ ಕೊಟ್ಟೆ. ಈ ಸಲ ಬೇಕೆಂದೇ ಕೊಟ್ಟದ್ದು, ನಿನಗೋಸ್ಕರವೇ ಎಂದೂ ಹೇಳಿದೆ. ಅವಳು ಅದನ್ನು ತಿರುಗಿಸಿ ನೋಡಿ, ಇದ್ದ ಜಾಗದಲ್ಲೇ ಇಟ್ಟಳು.

“ಬೇಡ ಬಿಡಿ. ಯಾರಿಗಾದ್ರೂ ಮನೆ ಬೇಕಾಗಿರತ್ತೆ.” ಆದರೆ ಅವಳು ನಕ್ಕಳು. ನಕ್ಕದ್ದು ನನಗೆ ಖಚಿತವಾಗಿ ನೆನಪಿದೆ. ಸಾಕ್ಷಿ ಇಲ್ಲ.

ದಸರಾ ಮುಗಿದ ವಾರ ಅನುಪಮಾ ಫೋನ್ ಮಾಡಿದರು. ಮೈಸೂರು ತಂಡದ ಮುಖ್ಯಸ್ಥರ ವಿಷಯ ಎಂದರು. ನಾನು ಗಂಟಲು ಸರಿಮಾಡಿಕೊಂಡೆ. ಆದದ್ದು ಆಯಿತು, ತಪ್ಪನ್ನು ಒಪ್ಪಿಕೊಳ್ಳುವವನೇ ನಿಜವಾದ ವಿಜ್ಞಾನಿ ಎಂಬ ಒಂದು ಸಣ್ಣ ಭಾಷಣ ಸಿದ್ಧವಾಗಿತ್ತು. ಕಣ್ಣಿಟ್ಟು ನೋಡುವವರು, ಮುಟ್ಟದೆ ಸುಮ್ಮನಿರಬಲ್ಲವರು ಬೇಕು, ಅಂಥವರು ನಿಮ್ಮ ಮನೆಯಲ್ಲೇ ಇದ್ದಾರೆ ಎಂದರು ಅವರು. ನಾನು ವಿನಯದಿಂದ ಫ್ಯಾನು ನೋಡಿದೆ.

“ಮೇಡಂಗೆ ಫೋನ್ ಕೊಡ್ತೀರಾ ಸಾರ್?”

ಈಗ ನಾವು ಅಮಾವಾಸ್ಯೆಗೊಮ್ಮೆ ದಡಕ್ಕೆ ಹೋಗುತ್ತೇವೆ. ವತ್ಸಲಾ ನೋಡಿ ಹೇಳುತ್ತಾಳೆ, ಫೆಲಿಕ್ಸ್ ಬರೆದುಕೊಳ್ಳುತ್ತಾರೆ. ತರ್ಕ, ತತ್ವಶಾಸ್ತ್ರ ಮತ್ತು ನನ್ನ ಹಿರಿತನವನ್ನು ಪರಿಗಣಿಸಿ ನನಗೆ ಹಗ್ಗದ ತುದಿ ಹಿಡಿದು ನಿಲ್ಲುವ ಜವಾಬ್ದಾರಿ ಕೊಟ್ಟಿದ್ದಾರೆ. ನೆನಪು ಬೇಡದ ಕೆಲಸ. ಮೊದಲ ಸಲ ದಡದಲ್ಲಿ ಇಳಿದಾಗ, ಹಗ್ಗ ತಂದಿದ್ದೀರಾ ಸಾರ್ ಎಂದು ಫೆಲಿಕ್ಸ್ ಕೇಳಿದರು. ತಂದಿದ್ದೇನೆ, ಚೀಲದ ತಳದಲ್ಲಿ ನಾನೇ ಸುತ್ತಿ ಇಟ್ಟದ್ದು ಕಣ್ಣಿಗೆ ಕಟ್ಟಿದಂತಿದೆ ಎಂದು ಹೇಳಿ ಚೀಲಕ್ಕೆ ಕೈಹಾಕಿದೆ.

ನಾನು ಇನ್ನೂ ತಡಕಾಡುತ್ತಿರುವಾಗಲೇ ವತ್ಸಲಾ ತನ್ನ ಚೀಲದಿಂದ ಹಗ್ಗ ತೆಗೆದು, ಒಂದು ತುದಿಯನ್ನು ನನ್ನ ಕೈಗೆ ಕೊಟ್ಟಳು.